ಮೂಸಾಕನ ಲಾರಿಯ ನೀಲಿ ವಯರು

ಐ.ಟಿ.ಐ. ಮುಗಿಸಿ ವಾಹನಗಳ ವಯರಿಂಗ್ ಕೆಲಸಕ್ಕೆ ಇಳಿಯುವವರು ಈಗಲೂ ಅಪರೂಪಕ್ಕೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಮೀಟರು ಒಳ್ಳೆಯದು, ಯಾವ ಟೇಪು ಬಿಸಿಲಿಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಕೇಳುತ್ತಾರೆ. ಗೊತ್ತಿದ್ದದ್ದನ್ನು ಹೇಳಿ ಕಳುಹಿಸುತ್ತೇನೆ. ಈ ಕೆಲಸ ಮಾಡುತ್ತ ದಿನ ಕಳೆಯುವುದು ಹೇಗಿರುತ್ತದೆ ಎಂದು ಇದುವರೆಗೆ ಯಾರೂ ಕೇಳಿದ್ದಿಲ್ಲ. ಅವರು ಕೇಳದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಒಬ್ಬನೇ ಮಾಡುವ ಕೆಲಸ. ಇಂಜಿನ್ ಬಿಚ್ಚುವವರನ್ನು ನೋಡಿ, ಅಲ್ಲಿ ಮೂರು ನಾಲ್ಕು ಮಂದಿ ಇರುತ್ತಾರೆ. ಒಬ್ಬ ಎತ್ತುತ್ತಾನೆ, ಒಬ್ಬ ಹಿಡಿಯುತ್ತಾನೆ, ಒಬ್ಬ ಸುಮ್ಮನೆ ನಿಂತು ತಮಾಷೆ ಮಾಡುತ್ತಾನೆ. ವಯರಿಂಗಿನವನು ಲಾರಿಯ ಕ್ಯಾಬಿನ್ನಿನಲ್ಲಿ ಅಂಗಾತ ಮಲಗಿ, ಬ್ರೇಕ್ ಪೆಡಲಿನ ಪಕ್ಕಕ್ಕೆ ತಲೆ ತೂರಿಸಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡಿರುತ್ತಾನೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಎರಡನೆಯ ತಲೆಗೆ ಜಾಗ ಇಲ್ಲ. ಹೊರಗಿನವರಿಗೆ ಕಾಣುವುದು ಬಾಗಿಲಿನಿಂದ ಆಚೆ ಚಾಚಿದ ಎರಡು ಕಾಲು. "ಇನ್ನೆಷ್ಟು ಹೊತ್ತು ಉಂಟು?" ಎಂದು ಆ ಕಾಲುಗಳನ್ನೇ ಕೇಳುತ್ತಾರೆ. ಒಳಗಿನಿಂದ ಏನೋ ಒಂದು ಹೇಳುತ್ತೇವೆ. ಅವರು ಚಾ ಕುಡಿಯಲು ಹೋಗುತ್ತಾರೆ.

ನನಗೆ ಕೆಲಸ ಕಲಿಸಿದವರು ಬಾಬಣ್ಣ. ಕಾಸರಗೋಡಿನ ಹತ್ತಿರ ನಾಯ್ಮಾರ್ಮೂಲೆಯಲ್ಲಿ ರಸ್ತೆ ಬದಿಗೆ ಅವರದೊಂದು ಶೆಡ್ಡು ಇತ್ತು. ಮಾತು ಬಹಳ ಕಡಿಮೆ. ಹೀಗೆ ಮಾಡು, ಹಾಗೆ ಮಾಡು ಎಂದು ಅವರು ಹೇಳಿದ್ದು ನನಗೆ ನೆನಪಿಲ್ಲ. ಅವರ ಕೈ ನೋಡಬೇಕು, ಕಲಿಯಬೇಕು. ಅವರ ಉಪಕರಣವೆಂದರೆ ಹೋಲ್ಡರಿಗೆ ಸಿಕ್ಕಿಸಿದ ಒಂದು ಬಲ್ಬು, ಅದಕ್ಕೆ ಎರಡು ವಯರು. ಒಂದು ತುದಿಯನ್ನು ಲಾರಿಯ ಕಬ್ಬಿಣಕ್ಕೆ ಹಿಡಿದು ಇನ್ನೊಂದನ್ನು ಬೇಕಾದಲ್ಲಿ ಚುಚ್ಚಿ ನೋಡುತ್ತಿದ್ದರು. ನಾನೊಮ್ಮೆ ಮೀಟರು ತರೋಣವಾ ಎಂದು ಕೇಳಿದೆ. "ಬಲ್ಬು ಉರಿದರೆ ಕರೆಂಟು ಉಂಟು, ಉರಿಯದಿದ್ದರೆ ಇಲ್ಲ. ನಿನಗೆ ನಂಬರು ಎಂತಕ್ಕೆ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಎರಡು ಸಾವಿರದ ಒಂದು, ಎರಡರ ಹೊತ್ತಿಗೆ ನಮ್ಮ ಕಡೆಯ ಲಾರಿಗಳಿಗೆ ಆಂಪ್ಲಿಫೈಯರು ಕೂರಿಸುವ ಹುಚ್ಚು ಶುರುವಾಯಿತು. ಗಲ್ಫಿನಿಂದ ರಜೆಗೆ ಬರುವವರು ಕಾರ್ಟನ್ನಿನಲ್ಲಿ ಬಟ್ಟೆ, ಸಾಬೂನುಗಳ ನಡುವೆ ಒಂದು ಆಂಪ್ಲಿಫೈಯರನ್ನೂ ಸುತ್ತಿ ತರುತ್ತಿದ್ದರು. ತಮ್ಮನಿಗೋ ಭಾವನಿಗೋ ಲಾರಿ ಇರುತ್ತಿತ್ತು. ಅದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು.

ಇದರಲ್ಲಿ ಹೊಸಬರು ತಿಳಿಯಬೇಕಾದ ಒಂದು ಸಂಗತಿ ಉಂಟು. ಆಂಪ್ಲಿಫೈಯರಿಗೆ ದಪ್ಪ ವಯರು ಎರಡು, ಬ್ಯಾಟರಿಯದ್ದು ಒಂದು, ಲಾರಿಯ ಕಬ್ಬಿಣಕ್ಕೆ ಕೊಡುವ ನೆಲದ್ದು ಒಂದು. ಜೊತೆಗೆ ಸ್ಟೀರಿಯೋದಿಂದ ತೆಳ್ಳಗಿನ ನೀಲಿ ವಯರೊಂದು ಬರುತ್ತದೆ. ಅದಕ್ಕೆ ನಾವು ರಿಮೋಟು ಎನ್ನುತ್ತೇವೆ. ಸ್ಟೀರಿಯೋ ಹಾಕಿದಾಗ ಆ ವಯರಿನಲ್ಲಿ ಸ್ವಲ್ಪ ಕರೆಂಟು ಬಂದು ಆಂಪ್ಲಿಫೈಯರನ್ನು ಎಬ್ಬಿಸುತ್ತದೆ. ಸ್ಟೀರಿಯೋ ಆರಿಸಿದಾಗ ಅದೂ ಮಲಗುತ್ತದೆ. ಸ್ಟೀರಿಯೋದಲ್ಲಿ ಆ ವಯರು ಇಲ್ಲದಿದ್ದರೆ ಕೀಲಿಕೈ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗದಿಂದ ಎಳೆದುಕೊಳ್ಳಬೇಕು. ನೇರ ಬ್ಯಾಟರಿಗೆ ಕಟ್ಟಿದರೆ ಆಂಪ್ಲಿಫೈಯರು ಮಲಗುವುದೇ ಇಲ್ಲ, ಹಾಡು ಇಲ್ಲದಿದ್ದರೂ ಬ್ಯಾಟರಿ ತಿನ್ನುತ್ತ ಕೂರುತ್ತದೆ. ಲಾರಿಯಲ್ಲಿ ಇನ್ನೊಂದು ತಾಪತ್ರಯ. ಕಾರಿಗೆ ಹನ್ನೆರಡು ವೋಲ್ಟು, ಲಾರಿಗೆ ಇಪ್ಪತ್ತನಾಲ್ಕು. ಗಲ್ಫಿನ ಪೆಟ್ಟಿಗೆಗಳೆಲ್ಲ ಹನ್ನೆರಡರವು. ನಡುವೆ ವೋಲ್ಟು ಇಳಿಸುವ ಕನ್ವರ್ಟರು ಇಡಬೇಕು, ನೀಲಿ ವಯರಿಗೂ ಅದೇ ಹನ್ನೆರಡನ್ನೇ ಕೊಡಬೇಕು.

ಬಾಬಣ್ಣನಿಗೆ ಇದು ಗೊತ್ತಿತ್ತು. ಆದರೂ ಒಂದು ದಿನ ಅವರ ಬಲ್ಬು ಅವರಿಗೆ ಕೈಕೊಟ್ಟಿತು. ಮದುವೆಗೆಂದು ಸಿಂಗರಿಸುತ್ತಿದ್ದ ಒಂದು ಲಾರಿ. ಕೀಲಿಕೈಯ ಹತ್ತಿರದ ಯಾವುದೋ ವಯರು ಚುಚ್ಚಿದರು, ಬಲ್ಬು ಉರಿಯಿತು, ರಿಮೋಟಿಗೆ ಕೊಟ್ಟರು. ಅದರಲ್ಲಿ ಇದ್ದದ್ದು ಪೂರ್ತಿ ಇಪ್ಪತ್ತನಾಲ್ಕು. ಪೆಟ್ಟಿಗೆಯೊಳಗಿನಿಂದ ಚಿಟ್ ಎಂದು ಸಣ್ಣ ಶಬ್ದ, ಹಿಂದೆಯೇ ಹೊಗೆ. ಲಾರಿಯವರು ಏನೇನೋ ಹೇಳಿದರು. ಬಾಬಣ್ಣ ಶೆಡ್ಡಿನಲ್ಲಿದ್ದ ಇನ್ನೊಂದು ಆಂಪ್ಲಿಫೈಯರು ತಂದು ಕೂರಿಸಿ ಕಳುಹಿಸಿದರು. ಮರುವಾರ ಕಾಸರಗೋಡು ಪೇಟೆಗೆ ಹೋಗಿ ಬಂದು ಒಂದು ಹೊಸ ಮೀಟರನ್ನು ನನ್ನೆದುರು ಇಟ್ಟರು. "ಇನ್ನು ಇದರಲ್ಲಿ ನೋಡು" ಎಂದಷ್ಟೇ ಹೇಳಿದರು. ಅವರು ಮಾತ್ರ ಅದನ್ನು ಮುಟ್ಟಲಿಲ್ಲ. ಅಳೆದು ನೋಡಬೇಕಾದ ಕೆಲಸವನ್ನೆಲ್ಲ ನನಗೆ ಬಿಟ್ಟು, ತಾವು ಹೆಡ್‌ಲೈಟು, ಹಾರ್ನು ನೋಡಿಕೊಂಡರು. ಕೆಲವು ವರ್ಷಗಳ ಮೇಲೆ ಅವರು ತೀರಿಹೋದರು. ಶೆಡ್ಡು ನನ್ನ ಪಾಲಿಗೆ ಬಂತು. ಅವರು ಇದ್ದಾಗಲೂ ಅಲ್ಲಿ ಮಾತುಕತೆ ಇರಲಿಲ್ಲ. ಆದರೂ ಅವರಿಲ್ಲದ ಶೆಡ್ಡು ಬೇರೆಯೇ ಆಗಿತ್ತು.

ನಾನು ಮದುವೆಯಾಗಲಿಲ್ಲ. ಅದಕ್ಕೆ ಹೇಳುವಂಥ ಕಥೆಯೇನೂ ಇಲ್ಲ. ಶೆಡ್ಡಿನ ಹಿಂದೆ ಬಾಡಿಗೆಯ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ. ಸಂಜೆ ಶಟರು ಎಳೆದ ಮೇಲೆ ಮರುದಿನ ಶಟರು ಎತ್ತುವವರೆಗೆ ಬಾಯಿ ತೆರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಮೂಸಾಕ ನನ್ನಲ್ಲಿಗೆ ಬರತೊಡಗಿದ್ದು ಆ ಕಾಲದಲ್ಲಿ. ಹೆಸರು ಮೂಸ. ನಮಗಿಂತ ಹಿರಿಯರಾದ ಬ್ಯಾರಿ ಮುಸ್ಲಿಮರ ಹೆಸರಿನ ಕೊನೆಗೆ 'ಆಕ' ಸೇರಿಸಿ ಕರೆಯುವುದು ನಮ್ಮ ರೂಢಿ. ನೆಕ್ರಾಜೆಯ ಕಡೆಯವರು. ಬದಿಯಡ್ಕದ ಶರೀಫ್ ಎಂಬ ಲಾರಿ ಧಣಿಯ ಬಳಿ ಡ್ರೈವರಾಗಿದ್ದರು. ಹೋಗುವಾಗ ಅಡಿಕೆ ಹೇರಿಕೊಂಡು ಗುಜರಾತಿಗೆ, ಬರುವಾಗ ಅಲ್ಲಿಂದ ಟೈಲ್ಸು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳನ್ನು ಕಾಞಂಗಾಡಿಗೆ ಕೊಟ್ಟಿದ್ದರು.

ಮೊದಲ ಸಲ ಲಾರಿ ಬಂದದ್ದು ಬ್ಯಾಟರಿಯ ದೂರಿನ ಮೇಲೆ. ಗುಜರಾತಿನಲ್ಲಿ ಲೋಡಿಗೆ ಕಾದು ನಿಂತಾಗ ಎರಡು ಮೂರು ದಿನಕ್ಕೆ ಬ್ಯಾಟರಿ ಇಳಿದುಹೋಗುತ್ತಿತ್ತು. ಕೀಲಿಕೈ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಒಂದೆರಡು ಸಲ ಲೋಡು ಬೇರೆ ಲಾರಿಗೆ ಹೋಯಿತು. ಇನ್ನೊಮ್ಮೆ ಹೀಗಾದರೆ ಲಾರಿಯನ್ನು ಬೇರೆಯವರ ಕೈಗೆ ಕೊಡುತ್ತೇನೆ ಎಂದು ಶರೀಫ್ ಹೇಳಿದ್ದರಂತೆ.

ಸೀಟಿನ ಹಿಂದೆ ಆಂಪ್ಲಿಫೈಯರು ಇತ್ತು. ಮುಚ್ಚಳ ತೆಗೆದು ನೋಡಿದ ಕೂಡಲೇ ಕಾರಣ ಸಿಕ್ಕಿತು. ಸ್ಟೀರಿಯೋದ ನೀಲಿ ವಯರನ್ನು ಯಾರೋ ಕಡಿದು ಮಡಚಿಟ್ಟಿದ್ದರು. ರಿಮೋಟಿನ ಸ್ಕ್ರೂವಿಗೂ ಬ್ಯಾಟರಿಯ ಸ್ಕ್ರೂವಿಗೂ ನಡುವೆ ಗಿಡ್ಡ ವಯರೊಂದನ್ನು ಬಿಗಿದಿದ್ದರು. ಸಾಲದ್ದಕ್ಕೆ ಕನ್ವರ್ಟರು ತಪ್ಪಿಸಿ, ಲಾರಿಯ ಎರಡು ಬ್ಯಾಟರಿಗಳಲ್ಲಿ ಒಂದರಿಂದಲೇ ಹನ್ನೆರಡು ವೋಲ್ಟು ಎಳೆದಿದ್ದರು.

"ಇದು ಯಾರು ಮಾಡಿದ್ದು ಮೂಸಾಕ?"

"ಸುಂದರ. ನನ್ನ ಕ್ಲೀನರು."

"ಅವರಿಗೆ ಹೇಳಿ, ಇನ್ನು ಇದನ್ನು ಮುಟ್ಟುವುದು ಬೇಡ ಎಂದು."

"ಅವ ಈಗ ಇಲ್ಲ. ಧಣಿಗಳು ಕ್ಲೀನರುಗಳನ್ನು ತೆಗೆದರಲ್ಲ. ಈಗ ಎಲ್ಲ ಲಾರಿಗೂ ಡ್ರೈವರ್ ಒಬ್ಬನೇ. ಅವ ಊರಲ್ಲೇ ಕೆಂಪುಕಲ್ಲಿನ ಕೋರೆಗೆ ಹೋಗ್ತಾನೆ."

ಕನ್ವರ್ಟರು ಇಟ್ಟೆ, ನೀಲಿ ವಯರನ್ನು ಅದರ ಜಾಗಕ್ಕೆ ಸೇರಿಸಿದೆ. ಸ್ಟೀರಿಯೋ ಹಾಕಿ ಆರಿಸಿ ತೋರಿಸಿದೆ. ಮೂಸಾಕ ಸರಿ ಎಂದು ತಲೆಯಾಡಿಸಿ ಹೋದರು. ಇಂಥ ಕೆಲಸ ನೂರು ಮಾಡಿದ್ದೆ, ಮರೆತೂಬಿಟ್ಟೆ.

ಒಂದು ಟ್ರಿಪ್ಪು ಮುಗಿಸಿ ಬಂದ ಮೇಲೆ ಲಾರಿಯನ್ನು ಪುನಃ ಶೆಡ್ಡಿನೆದುರು ನಿಲ್ಲಿಸಿದರು. ಮುಖ ಬತ್ತಿಹೋಗಿತ್ತು.

"ಬ್ಯಾಟರಿ ಇಳೀತಾ?"

"ಇಲ್ಲ. ಬ್ಯಾಟರಿ ಚಂದ ಉಂಟು. ನೀನು ಅದನ್ನು ಮೊದಲು ಇದ್ದ ಹಾಗೆ ಮಾಡಿ ಕೊಡು."

"ಮೊದಲು ಇದ್ದದ್ದು ತಪ್ಪಲ್ಲವಾ?"

"ತಪ್ಪೇ. ಆದರೂ ಮಾಡಿ ಕೊಡು."

ನನಗೆ ಅರ್ಥವಾಗಲಿಲ್ಲ. ಇರಲಿ, ಒಮ್ಮೆ ನೋಡೋಣ ಎಂದು ಕ್ಯಾಬಿನ್ನಿಗೆ ಹತ್ತಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ಹಾಕಿದೆ. ಮುಖ ಕಾಣದೆ ಇದ್ದಾಗ ಮನುಷ್ಯರಿಗೆ ಮಾತು ಸುಲಭ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಮೂಸಾಕ ಕೆಳಗೆ ಮೆಟ್ಟಿಲ ಹತ್ತಿರ ನಿಂತು ನನ್ನ ಕಾಲುಗಳಿಗೆ ಹೇಳತೊಡಗಿದರು.

"ಲಾರಿ ನಿಲ್ಲಿಸಿ ಮಲಗ್ತೇನೆ. ಸ್ಟೀರಿಯೋ ಬಂದ್ ಮಾಡ್ತೇನೆ. ಮೊದಲಾದರೆ ಆಗ ಸ್ಪೀಕರಿನಿಂದ ಸ್ಸ್ ಅಂತ ಒಂದು ಶಬ್ದ ಬರ್ತಿತ್ತು. ಗೊತ್ತುಂಟಲ್ಲ ನಿನಗೆ?"

"ಆಂಪ್ಲಿಫೈಯರು ಎಚ್ಚರ ಇದ್ದರೆ ಆ ಶಬ್ದ ಬರ್ತದೆ."

"ಈಗ ಬರುವುದಿಲ್ಲ."

"ಬರಬಾರದು."

"ಸುಂದರನಿಗೆ ಉಬ್ಬಸ ಇತ್ತು. ಮಲಗಿದರೆ ಉಸಿರು ಹಾಗೆಯೇ ಎಳೀತಿದ್ದ. ಅವನ ಉಸಿರಿನಿಂದ ನನಗೆ ನಿದ್ದೆ ಇಲ್ಲ ಅಂತ ಎಷ್ಟು ಬೈದಿದ್ದೇನೆ. ಅವ ಹೋದ ಮೇಲೆ ಒಬ್ಬನೇ ಮಲಗಲಿಕ್ಕೆ ಆಗಲಿಲ್ಲ ಮಾರಾಯ. ಈ ಶಬ್ದ ಇತ್ತು, ಹೇಗೋ ಕಣ್ಣು ಹತ್ತುತ್ತಿತ್ತು. ಈಗ ಅದೂ ಇಲ್ಲ."

"ನಿದ್ದೆ ಇಲ್ಲದೆ ಓಡಿಸಿದಿರಾ?"

"ಮೊನ್ನೆ ಘಾಟಿಯಲ್ಲಿ ಕಣ್ಣು ಮುಚ್ಚಿಹೋಯ್ತು. ಎದುರಿನವ ಹಾರ್ನು ಒತ್ತಿ ಹಿಡಿದದ್ದಕ್ಕೆ ಬದುಕಿದೆ. ಅವನೂ ಬದುಕಿದ."

ಹೇಳುವಾಗ ಅವರ ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. ನನ್ನ ಕೈಯಲ್ಲಿ ಕಟಿಂಗ್ ಪ್ಲೇಯರು ಇತ್ತು. ಏನನ್ನು ಕಡಿಯಬೇಕು, ಏನನ್ನು ಸೇರಿಸಬೇಕು ಎಂದು ತಿಳಿಯದೆ ಹಾಗೆಯೇ ಮಲಗಿದ್ದೆ. ಮೊದಲಿನ ಹಾಗೆ ಕಟ್ಟಿದರೆ ಬ್ಯಾಟರಿ ಸಾಯುತ್ತದೆ, ಇವರ ಕೆಲಸ ಹೋಗುತ್ತದೆ. ಕಟ್ಟದಿದ್ದರೆ ಇವರು ಇನ್ನೊಮ್ಮೆ ಘಾಟಿಯಲ್ಲಿ ಕಣ್ಣು ಮುಚ್ಚುತ್ತಾರೆ. "ನಾಲ್ಕು ದಿನ ಮನೆಯಲ್ಲಿ ಮಲಗಿ. ನಾನು ಎಂತಾದರೂ ಮಾಡ್ತೇನೆ" ಎಂದೆ.

ದಾರಿ ಇಲ್ಲದಿರಲಿಲ್ಲ. ಸೀಟಿನ ಹಿಂದೆ ಒಂದು ಸಣ್ಣ ಬ್ಯಾಟರಿಯನ್ನು ಪ್ರತ್ಯೇಕವಾಗಿ ಇಡಬೇಕು. ಲಾರಿ ಓಡುವಾಗ ಅದು ಕನ್ವರ್ಟರಿನಿಂದ ಚಾರ್ಜಾಗಬೇಕು. ಕೀಲಿಕೈ ತೆಗೆದ ಕೂಡಲೇ ನಡುವೆ ಇಟ್ಟ ರಿಲೇ ಎಂಬ ಸ್ವಿಚ್ಚು ತಾನಾಗಿ ಸಂಪರ್ಕ ಕಡಿಯಬೇಕು. ಆಮೇಲೆ ಆಂಪ್ಲಿಫೈಯರು ತಿನ್ನುವುದು ಆ ಸಣ್ಣ ಬ್ಯಾಟರಿಯನ್ನು ಮಾತ್ರ. ಅದು ಪೂರ್ತಿ ಇಳಿದರೂ ಬೆಳಿಗ್ಗೆ ಲಾರಿ ಎದ್ದೇಳುತ್ತದೆ. ರಿಮೋಟಿಗೆ ಮಲಗುವ ಸೀಟಿನ ಪಕ್ಕದಲ್ಲೊಂದು ಸ್ವಿಚ್ಚು, ಬೇಕೆಂದರೆ ಹಾಕಿಕೊಳ್ಳಲು. ಆದರೆ ಲಾರಿ ಶರೀಫರದ್ದು. ಕೇಳದೆ ಅದರೊಳಗೆ ಇಷ್ಟೆಲ್ಲ ಮಾಡುವಂತಿಲ್ಲ.

ಬಸ್ಸು ಹಿಡಿದು ಬದಿಯಡ್ಕಕ್ಕೆ ಹೋದೆ. ಶರೀಫ್ ಒಳ್ಳೆಯ ಮನುಷ್ಯ, ಕೂರಲು ಹೇಳಿ ಶರಬತ್ತು ತರಿಸಿದರು. ನನ್ನ ಮಾತನ್ನೆಲ್ಲ ಕೇಳಿ, "ಇಷ್ಟು ತಲೆಬಿಸಿ ಎಂತಕ್ಕೆ ನಾಣಣ್ಣ? ಆ ಪೆಟ್ಟಿಗೆಯನ್ನೇ ಕಿತ್ತು ಬಿಸಾಡಿ. ಹಾಡು ಕೇಳಲಿಕ್ಕೆ ಲಾರಿಯ ಸ್ಟೀರಿಯೋ ಸಾಲದಾ?" ಎಂದರು.

ಕಾರಣ ಹೇಳಿದ್ದರೆ ಬಹುಶಃ ಅವರಿಗೆ ಅರ್ಥವಾಗುತ್ತಿತ್ತು. ಆದರೆ ಘಾಟಿಯ ವಿಷಯವೂ ಬಾಯಿಗೆ ಬರುತ್ತಿತ್ತು. ನಿದ್ದೆಗೆಟ್ಟು ಓಡಿಸುವವನ ಕೈಗೆ ಲಾರಿ ಕೊಡುವ ಧಣಿ ಯಾರಿದ್ದಾರೆ? "ದೂರ ಓಡಿಸುವವರಿಗೆ ಅದೊಂದು ಆಸರೆ. ಕ್ಲೀನರೂ ಇಲ್ಲವಲ್ಲ" ಎಂದಷ್ಟೇ ಹೇಳಿದೆ.

ಅವರು ಸ್ವಲ್ಪ ಯೋಚಿಸಿದರು. "ಇನ್ನೊಮ್ಮೆ ಲಾರಿ ಸ್ಟಾರ್ಟಾಗದೆ ನಿಂತರೆ?"

"ನಿಂತರೆ ನಾನೇ ಬಂದು ಎಲ್ಲ ಕಿತ್ತು ಕೊಡ್ತೇನೆ. ಆಮೇಲೆ ನಿಮ್ಮ ಯಾವ ಲಾರಿಯನ್ನೂ ನನ್ನ ಹತ್ತಿರ ಕಳಿಸಬೇಡಿ."

"ಅಷ್ಟು ದೊಡ್ಡ ಮಾತು ಬೇಡ. ಮಾಡಿ" ಎಂದರು.

ಆ ಕೆಲಸವನ್ನು ಮಾಡಿದಷ್ಟು ನಿಧಾನವಾಗಿ ನಾನು ಇನ್ನಾವುದನ್ನೂ ಮಾಡಿಲ್ಲ. ಮುಗಿದ ಮೇಲೆ ಮೂಸಾಕನನ್ನು ಒಳಗೆ ಕರೆದೆ. ಅವರು ಮಲಗುವ ಸೀಟಿನಲ್ಲಿ ಕಾಲು ಚಾಚಿ ಮಲಗಿದರು. ಕೀಲಿಕೈ ತೆಗೆದೆ, ಸ್ವಿಚ್ಚು ಒತ್ತಿದೆ. ಸ್ಪೀಕರಿನಿಂದ ತೆಳ್ಳಗೆ ಆ ಶಬ್ದ ಶುರುವಾಯಿತು. ರಸ್ತೆಯಲ್ಲಿ ಬಸ್ಸುಗಳು ಓಡುತ್ತಿದ್ದ ಹಗಲು ಹೊತ್ತು ಅದು. ಮೂಸಾಕ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಅವರಿಗೆ ಗೊರಕೆ ಬಂತು. ನಾನು ಸದ್ದಿಲ್ಲದೆ ಇಳಿದು ಬಾಗಿಲು ಹಾಕಿದೆ. ಹಿಂದೆ ಬಂದು ನಿಂತ ಇನ್ನೊಂದು ಲಾರಿಯವನು ಜಾಗ ಬಿಡಿ ಎಂದು ಹಾರ್ನು ಹಾಕಿದ. ಒಳಗೆ ಜನ ಮಲಗಿದ್ದಾರೆ, ಆಚೆ ನಿಲ್ಲಿಸು ಎಂದೆ.

ಆ ಮೇಲೆ ವರ್ಷಗಟ್ಟಲೆ ಆ ಲಾರಿ ಓಡಿತು. ಬ್ಯಾಟರಿಯ ದೂರು ಮತ್ತೆ ಬರಲಿಲ್ಲ. ಸಣ್ಣ ಬ್ಯಾಟರಿ ಹಳತಾದಾಗೆಲ್ಲ ಮೂಸಾಕ ತಾವಾಗಿ ಬದಲಿಸಿಕೊಂಡು ಹೋಗುತ್ತಿದ್ದರು.

ಇತ್ತ ಕೆಲಸ ಬದಲಾಗುತ್ತಿತ್ತು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಅದೂ ಹೋಗಿ ಬೆರಳಿನಷ್ಟು ಉದ್ದದ ಪೆನ್‌ಡ್ರೈವು ಬಂತು. ಅದರಿಂದ ನಮಗೆ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಲಾರಿಗಳ ಒಳಗೇ ಕಂಪ್ಯೂಟರು ಕೂತಾಗ. ಮೊದಲು ಒಂದು ವಯರು ಒಂದು ಕೆಲಸ ಮಾಡುತ್ತಿತ್ತು, ಹಿಂಬಾಲಿಸಿಕೊಂಡು ಹೋದರೆ ತುದಿ ಸಿಗುತ್ತಿತ್ತು. ಈಗ ಕೂದಲಿನಂಥ ಎರಡು ವಯರು ಹೆಣೆದುಕೊಂಡು ಇಡೀ ಲಾರಿಯ ಸುದ್ದಿಯನ್ನು ಹೊತ್ತು ಓಡುತ್ತವೆ. ಮೀಟರು ಇಟ್ಟರೆ ಏನೋ ಒಂದು ನಂಬರು ತೋರಿಸುತ್ತದೆ, ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಗೊತ್ತಿಲ್ಲದೆ ಕೈ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿದು ಲಾರಿ ಶೋರೂಮಿಗೆ ಹೋಗಬೇಕಾಗುತ್ತದೆ. ನೀವು ಇದನ್ನು ಶಾಲೆಯಲ್ಲೇ ಕಲಿತು ಬರುತ್ತೀರಿ, ಅದು ಒಳ್ಳೆಯದು. ನನಗೆ ಕಲಿಯುವ ವಯಸ್ಸು ದಾಟಿತ್ತು.

ಶರೀಫ್ ಹಳೆಯ ಲಾರಿ ಮಾರಿ ಕಂಪ್ಯೂಟರು ಇರುವ ಒಂದು ಹೊಸ ಲಾರಿ ತೆಗೆದರು. ಮೂಸಾಕ ಹೊಸ ಲಾರಿಯನ್ನು ನನ್ನಲ್ಲಿಗೆ ತಂದರು. ಹಳೆಯ ಆಂಪ್ಲಿಫೈಯರನ್ನು ಟವೆಲಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿ ಇಟ್ಟುಕೊಂಡಿದ್ದರು. ನೇರ ಬ್ಯಾಟರಿಯಿಂದ ಎಳೆದು ಹೇಗೋ ಮಾಡಬಹುದಿತ್ತು. ಆದರೆ ಹೊರಗಿನವರು ವಯರು ಮುಟ್ಟಿದರೆ ಗ್ಯಾರಂಟಿ ಇಲ್ಲ ಎಂದು ಕಂಪೆನಿಯವರು ಶರೀಫರಿಗೆ ಖಡಾಖಂಡಿತ ಹೇಳಿದ್ದರು. ಡ್ಯಾಶ್‌ಬೋರ್ಡಿನ ಅಡಿಯಿಂದ ನಾನು ಹೊರಗೆ ಬಂದಾಗ ಮೂಸಾಕ ನನ್ನ ಮುಖ ನೋಡಿದರು.

"ಬೇಡ ನಾಣು, ಬಿಡು" ಎಂದರು.

ಆ ಲಾರಿಯನ್ನು ಅವರು ಹೆಚ್ಚು ಕಾಲ ಓಡಿಸಲಿಲ್ಲ. ಘಾಟಿಯ ಸಂಗತಿ ಅವರಿಗೆ ನೆನಪಿದ್ದಿರಬೇಕು. ನನಗೂ ಇತ್ತು. ತಾವಾಗಿಯೇ ಕೀಲಿಕೈ ಕೊಟ್ಟು ಬಂದರು.

ಮನೆಯಲ್ಲಿ ಕೂತು ಅವರಿಗೆ ಅಭ್ಯಾಸ ಇರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ನಾಯ್ಮಾರ್ಮೂಲೆಗೆ ಬಂದು ನನ್ನ ಶೆಡ್ಡಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ, ಸಲಹೆ ಕೊಡುತ್ತಿರಲಿಲ್ಲ. ನಾನು ಯಾವುದೋ ಹಳೆಯ ಲಾರಿಯೊಳಗೆ ಮಲಗಿ ವಯರು ಹುಡುಕುವಾಗ ಹೊರಗಿನಿಂದ ಅವರು ಕೆಮ್ಮುವುದು, ಕಾಲು ಬದಲಿಸುವುದು, ಬೀಡಿ ಹಚ್ಚುವುದು ಕೇಳುತ್ತಿತ್ತು. ಮಧ್ಯಾಹ್ನ ಇಬ್ಬರಿಗೂ ಹೋಟೆಲಿನಿಂದ ಗಂಜಿ ತರುತ್ತಿದ್ದೆ. ಹೊತ್ತು ಇಳಿಯುವಾಗ ಅಸರಿನ ನಮಾಜಿನ ಬಾಂಗು ಕೇಳಿದಾಗ ಎದ್ದು ಮಸೀದಿಗೆ ಹೋಗಿ ಪುನಃ ಬಂದು ಕೂರುತ್ತಿದ್ದರು. ಒಮ್ಮೆ ಸುಂದರನನ್ನು ಕಂಡಿರಾ ಎಂದು ಕೇಳಿದೆ. "ದಾರಿಯಲ್ಲಿ ಕಂಡೆ. ಕೋರೆ ಬಿಟ್ಟ ಮೇಲೆ ಅವನ ಉಬ್ಬಸ ಕಡಿಮೆ ಆಗಿದೆಯಂತೆ. ಇಬ್ಬರಿಗೂ ಹೇಳಲಿಕ್ಕೆ ಹೆಚ್ಚು ಎಂತದೂ ಇರಲಿಲ್ಲ" ಎಂದರು. ಮತ್ತೆ ಆ ಮಾತು ಬರಲಿಲ್ಲ.

ಶುಗರಿನಿಂದ ಅವರ ಕಣ್ಣು ಮಂಜಾಗತೊಡಗಿತು. ಒಬ್ಬರೇ ಬಸ್ಸು ಹತ್ತುವುದು ಬೇಡವೆಂದು ಮಗಳು ಕಾಞಂಗಾಡಿಗೆ ಕರೆದುಕೊಂಡು ಹೋದಳು. ಹೋಗುವ ದಿನ ನನ್ನಲ್ಲಿಗೆ ಬಂದು, "ನಾನು ಹೋಗ್ತೇನೆ ಆಗದಾ?" ಎಂದರು. ಆಗಬಹುದು ಎಂದೆ. ಅಷ್ಟೇ.

ಆಮೇಲೆ ನನಗೆ ಕೆಲಸ ಸಾಗಲಿಲ್ಲ. ಲಾರಿಗಳು ಬರುತ್ತಿದ್ದವು, ಕಡಿಮೆಯಾದರೂ ಬರುತ್ತಿದ್ದವು. ಡ್ಯಾಶ್‌ಬೋರ್ಡಿನ ಅಡಿಗೆ ಹೋದವನು ವಯರು ಹಿಡಿದುಕೊಂಡು ಸುಮ್ಮನೆ ಮಲಗಿಬಿಡುತ್ತಿದ್ದೆ. ಹೊರಗೆ ರಸ್ತೆಯ ಗದ್ದಲ ಬೇಕಷ್ಟಿತ್ತು. ಬೆಂಚಿನ ಕಡೆಯಿಂದ ಮಾತ್ರ ಏನೂ ಕೇಳುತ್ತಿರಲಿಲ್ಲ. ಎರಡು ಸಾವಿರದ ಹತ್ತೊಂಬತ್ತರಲ್ಲಿ ಶೆಡ್ಡು ಬಿಟ್ಟುಕೊಟ್ಟೆ. ಬೆನ್ನು ನೋವೆಂದು ಊರಿಗೆಲ್ಲ ಹೇಳಿದೆ. ಬೆನ್ನೂ ನೋಯುತ್ತಿತ್ತು, ಸುಳ್ಳಲ್ಲ.

ಶಟರಿನ ಕೀಲಿ ಕೊಟ್ಟ ಮರುವಾರ ಕಾಞಂಗಾಡಿಗೆ ಹೋದೆ. ಮೂಸಾಕ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದರು. ನನ್ನ ಹೆಜ್ಜೆಯಲ್ಲೇ ಗುರುತು ಹಿಡಿದರು. ಮಗಳು ಚಾ, ಅಕ್ಕಿಯ ಪತ್ತಿರಿ ತಂದಿಟ್ಟಳು.

"ಕೆಲಸ ಹೇಗುಂಟು ನಾಣು?"

"ಬಿಟ್ಟೆ."

"ಬೆನ್ನಾ?"

ಊರಿಗೆ ಹೇಳಿದ್ದನ್ನು ಅವರಿಗೆ ಹೇಳಲು ಆಗಲಿಲ್ಲ. "ನೀವು ಇಲ್ಲಿಗೆ ಬಂದ ಮೇಲೆ ಅಲ್ಲಿ ಮಾತಿಗೆ ಜನ ಇಲ್ಲ" ಎಂದೆ.

ಅವರು ಚಾದ ಗ್ಲಾಸು ಕೆಳಗಿಟ್ಟು ನಾನು ಕೂತ ಕಡೆಗೆ ಮುಖ ತಿರುಗಿಸಿದರು. "ಅಲ್ಲಿ ನಾನು ಮಾತಾಡಿದ್ದು ಯಾವಾಗ ಮಾರಾಯ?"

ನಾನು ಪತ್ತಿರಿ ಮುರಿದು ಚಾದಲ್ಲಿ ಅದ್ದಿದೆ.

ಹೊರಟಾಗ ಬೇಡವೆಂದರೂ ಕೇಳದೆ ಬಸ್‌ಸ್ಟಾಪಿನವರೆಗೆ ಬಂದರು. ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ಕೈ ಇಟ್ಟುಕೊಂಡಿದ್ದರು. ಸಿಮೆಂಟಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಕಾಸರಗೋಡಿನ ಬಸ್ಸು ಬಂದು ನಿಂತಿತು. ಕಂಡಕ್ಟರು ಊರಿನ ಹೆಸರು ಕೂಗಿ ಕರೆದ. ನಾನು ಏಳಲಿಲ್ಲ. ಬಸ್ಸು ಬಂತು ಎಂದು ಮೂಸಾಕನೂ ಹೇಳಲಿಲ್ಲ. ಅದು ಹೋಯಿತು. ಇನ್ನೊಂದು ಬರಲು ಹೊತ್ತಿತ್ತು.